ಕುಮುದತಾಈಯ ತಂಬೂರಿ, ಹಯಾತಚಾಂದನ ಕೈ

ಹಯಾತಚಾಂದನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಇದು ಮಿರಜದ ವಾದ್ಯದ ಗಲ್ಲಿಗೆಲ್ಲ ಗೊತ್ತಿರುವ ಸಂಗತಿ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸ್ವಂತ ಅಳಿಯನೇ ಎದುರಿಗೆ ಬಂದು ಸಲಾಂ ಹೇಳಿದರೆ, ಈತ "ವಾಲೇಕುಂ ಸಲಾಂ, ನಿಮ್ದು ಸಿತಾರೋ ತಂಬೂರಿಯೋ?" ಎಂದು ಕೇಳಿದ್ದ. ಅಳಿಯ ಬಟ್ಟೆ ಅಂಗಡಿಯವ. ಆ ಮಾತನ್ನು ಮಗಳ ಮನೆಯಲ್ಲಿ ಇವತ್ತಿಗೂ ಎತ್ತಿ ಆಡುತ್ತಾರೆ. ಆದರೆ ಮೂವತ್ತು ವರ್ಷದ ಹಿಂದೆ ಒಂದೇ ಸಲ ಕೈಗೆ ಬಂದು ಹೋದ ತಂಬೂರಿ ಮತ್ತೆ ಬಂದರೆ, ಗವಸು ಬಿಚ್ಚುವ ಮೊದಲೇ, ಎತ್ತಿಕೊಂಡ ತೂಕದಲ್ಲೇ ಇವನಿಗೆ ಗುರುತು ಹತ್ತುತ್ತದೆ. "ಬಾರವ್ವಾ, ಎಷ್ಟು ದಿನಾತು!" ಎಂದು ಮಾತಾಡಿಸುತ್ತಾನೆ. ತಂದ ಹೆಂಗಸರು ತಮ್ಮನ್ನೇ ಕರೆದನೆಂದು ಮುಂದೆ ಬಂದು ಕೂತು, ಆಮೇಲೆ ನಾಚಿಕೊಂಡದ್ದೂ ಉಂಟು.

ಅವನ ಕೆಲಸ ಕುದುರೆಯದು. ತಂಬೂರಿಯ ಹೊಟ್ಟೆಯ ಮೇಲೆ ತಂತಿಗಳು ಕೂರುತ್ತವಲ್ಲ, ಆ ಎಲುಬಿನ ಕುದುರೆಯನ್ನು ಅರದಿಂದ ಉಜ್ಜಿ ಉಜ್ಜಿ, ತಂತಿ ಅದರ ಬೆನ್ನನ್ನು ಸೋಕಿಯೂ ಸೋಕದ ಹಾಗೆ ಮಾಡುವುದು. ಎಳೆಯಷ್ಟು ಹೆಚ್ಚಾದರೆ ತಂಬೂರಿ ನೆಗಡಿಯಾದವರ ಹಾಗೆ ಮಾತಾಡುತ್ತದೆ. ಎಳೆಯಷ್ಟು ಕಡಿಮೆಯಾದರೆ ತಗಡು ಬಡಿದಂತಾಗುತ್ತದೆ. ಇವನ ಅಪ್ಪ ಇಡೀ ತಂಬೂರಿ ಮಾಡುತ್ತಿದ್ದ. ಇವನು ಅರವತ್ತೆರಡರ ವಯಸ್ಸಿನಲ್ಲಿ ಕುದುರೆ, ತಂತಿ ಬಿಗಿಯುವ ಬಿರಡೆ, ಬಣ್ಣ, ಇಷ್ಟಕ್ಕೇ ಬಂದು ನಿಂತಿದ್ದ. ಅದರ ಬಗ್ಗೆ ಅವನಿಗೆ ಬೇಸರವಿರಲಿಲ್ಲ. ಬೇಸರವೆಲ್ಲ ಹೆಂಡತಿ ಜೈತೂನಬಿಯದು.

"ಅಲ್ರೀ, ಬಂದಾವ್ರನ್ನ ಒಮ್ಮೆರ ಮುಖ ಎತ್ತಿ ನೋಡ್ರಿ. ನಾಳೆ ನನ್ನ ಬದ್ಲಿ ಬ್ಯಾರೆ ಯಾಕಿರ ಚಾ ತಂದಿಟ್ರೂ ನಿಮ್ಗ ತಿಳಿಯಂಗಿಲ್ಲ."

"ಚಾದ ರುಚಿ ತಿಳೀತೈತಿ," ಎನ್ನುತ್ತಿದ್ದ ಅವನು, ಅರದಿಂದ ಕಣ್ಣು ಕೀಳದೆ.

ಆ ಗಲ್ಲಿಯಲ್ಲಿ ಇನ್ನೊಂದು ರೂಢಿ ಇತ್ತು. ವಾದ್ಯ ತಂದವರನ್ನು, ಇದು ನಿಮ್ಮ ಕೈಗೆ ಹೇಗೆ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. ಒಬ್ಬ ಮಗ ತೀರಿಹೋದ ತಂದೆಯ ಸಿತಾರನ್ನು ಅಕ್ಕತಂಗಿಯರಿಗೆ ತಿಳಿಯದಂತೆ ಹೊತ್ತು ತಂದಿರುತ್ತಾನೆ. ಯಾರೋ ಗುರು ಇಬ್ಬರು ಶಿಷ್ಯರಲ್ಲಿ ಒಬ್ಬನಿಗೆ ಮಾತ್ರ ಗುಟ್ಟಾಗಿ ಕೊಟ್ಟಿರುತ್ತಾರೆ. "ಅವರ ಮನಿ ಸುದ್ದಿ ನಮಗ್ಯಾಕ? ವಾದ್ಯಕ್ಕ ಏನಾಗೈತಿ, ಅಷ್ಟ ಕೇಳು," ಎಂದು ಅಪ್ಪ ಹೇಳಿಕೊಟ್ಟಿದ್ದ. ಐವತ್ತು ವರ್ಷ ಹಯಾತಚಾಂದ ಅಷ್ಟೇ ಕೇಳುತ್ತ ಬಂದಿದ್ದ.

ಸಂಕ್ರಾಂತಿ ಮುಗಿದು ಎಂಟು ದಿನವಾಗಿತ್ತು. ಒಬ್ಬ ಮನುಷ್ಯ ಹಾಸಿಗೆಯ ಚಾದರದಲ್ಲಿ ಸುತ್ತಿದ ತಂಬೂರಿಯನ್ನು ತಂದು ಮುಂದಿಟ್ಟ. ಹಯಾತಚಾಂದ ಗಂಟು ಬಿಚ್ಚದೆಯೇ ಅದನ್ನು ಎತ್ತಿ ಮಡಿಲಿಗೆ ತೆಗೆದುಕೊಂಡ. ಕೈಗೆ ಗೊತ್ತಾಗಿಹೋಯಿತು. ಅದು ಅಪ್ಪ ಮಾಡಿದ್ದು. ಬ್ರಾಹ್ಮಣಪುರಿಯ ಕುಮುದತಾಈ ದಾಂಡೇಕರಳದು. ಇಡೀ ಊರಿಗೇ ಅಕ್ಕನಾದ ಕುಮುದತಾಈ. ಮದುವೆಯಾಗದೆ ಹಾಡು ಕಲಿಸಿಕೊಂಡೇ ಕೂದಲು ಬೆಳ್ಳಗಾದವಳು. ಇವನಿಗಿಂತ ನಾಲ್ಕು ವರ್ಷ ದೊಡ್ಡವಳು. ಚಿಕ್ಕಂದಿನಿಂದಲೂ "ಏ ಹಯಾತ, ಇಲ್ಲಿ ಬಾ" ಎಂದು ಕರೆದು, ಕುದುರೆ ಸರಿಯಿಲ್ಲವೆಂದು ಬೈದು, ಬೈದಾದ ಮೇಲೆ ಉಂಡೆ ಕೊಟ್ಟು ಕಳಿಸುತ್ತಿದ್ದವಳು.

ಕುದುರೆ ಮುರಿದಿತ್ತು. ಒಂದು ಬಿರಡೆ ಇರಲೇ ಇಲ್ಲ. ಯಾಕೆ ಬೇರೆಯವನು ತಂದ ಎಂಬ ಪ್ರಶ್ನೆ ಅವನ ಮನಸ್ಸಿನಲ್ಲಿ ಎದ್ದದ್ದು ನಿಜ. ಎದ್ದಷ್ಟೇ ಬೇಗ ಅದಕ್ಕೊಂದು ಉತ್ತರವೂ ಸಿಕ್ಕಿತು. ಕಂಠ ಹೋಯಿತು, ಯಾರಾದರೂ ಒಳ್ಳೆಯವರಿಗೆ ಇದನ್ನು ಕೊಟ್ಟುಬಿಡುತ್ತೇನೆ ಎಂದು ತಾಈ ಎರಡು ವರ್ಷದಿಂದ ಹೇಳುತ್ತಿದ್ದಳು. ಕೊಟ್ಟಳು, ಆಯಿತು. ನನಗೊಂದು ಮಾತು ಹೇಳಲಿಲ್ಲವಲ್ಲ ಎಂದು ಒಳಗೆ ಸ್ವಲ್ಪ ಚುಚ್ಚಿತು. ಅದನ್ನೂ ನುಂಗಿಕೊಂಡ.

"ಕಲಿಯಾಂವ ನೀನ ಏನು?" ಎಂದಷ್ಟೇ ಕೇಳಿದ.

"ನನಗಲ್ಲ ಚಾಚಾ, ಮನೀ ಮಂದಿಗೆ. ನೋಡಿದ್ರ ಹೊಸಾದರ ಹಂಗ ಕಾಣ್ಬೇಕು. ಕೆಂಪು ಬಣ್ಣ ಹಚ್ಚಿಬಿಡ್ರಿ."

ತಾಈಯ ತಂಬೂರಿ ಹೊಸ ಮನೆಗೆ ಹೋಗುತ್ತಿದೆ, ಹರಕು ಬಟ್ಟೆಯಲ್ಲಿ ಕಳಿಸುವುದು ಹೇಗೆ? ಒಂಬತ್ತು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಒಂದು ಒಳ್ಳೆಯ ಎಲುಬನ್ನು ಯಾವುದಾದರೂ ದೊಡ್ಡ ವಾದ್ಯಕ್ಕೆಂದು ಎತ್ತಿಟ್ಟಿದ್ದ, ಅದನ್ನೇ ತೆಗೆದು ಕುದುರೆ ಕೊರೆದ. ಹಳೆಯ ಗೀರುಗಳಿಗೆ ಅರಗು ತುಂಬಿದ. ಉದುರಿದ ಹೂವಿನ ಎಸಳನ್ನು ಎಲುಬಿನಲ್ಲಿ ಕತ್ತರಿಸಿ ಕೂರಿಸಿದ. ಅರಗಿನ ಕೆಂಪನ್ನು ಏಳು ಸಲ ಬಳಿದ. ಜೈತೂನಬಿ ಎರಡು ಸಲ ಬಂದವನಿಗೆ ಎರಡು ಸಲವೂ ಚಹಾ ಕೊಟ್ಟಳು. ಅವನು ತಂಬೂರಿ ಹೊತ್ತು ಹೊರಟಾಗ ಹಯಾತಚಾಂದ ಬಾಗಿಲ ತನಕ ಬಂದು, "ತಿಂಗಳಾದ ಮ್ಯಾಲೆ ಕುದುರಿ ಮಂದ ಆಗತೈತಿ, ಆವಾಗ ಮತ್ತ ಉಜ್ಜಸ್ಬೇಕು" ಎಂದು ಹೇಳಿಯೂ ಹೇಳಿದ.

ಮಾರ್ಚಿನಲ್ಲಿ ಒಂದು ದಿನ ಪೊಲೀಸ್ ಠಾಣೆಯಿಂದ ಕರೆ ಬಂತು. ಹವಾಲ್ದಾರ ಖರಾತ ಗಲ್ಲಿಗೆ ಪರಿಚಯದವನೇ. ಹೊಟ್ಟೆಯುರಿ ಎಂದು ಮೂರು ಹೊತ್ತೂ ತಣ್ಣನೆಯ ಹಾಲು ಕುಡಿಯುವ, ದಪ್ಪ ಮೀಸೆಯ ಮನುಷ್ಯ.

"ಬರ್ರಿ ಚಾಚಾ, ಕೂಡ್ರಿ. ಈ ಬಾಈಯವರ ತಂಬೂರಿ ಕಳುವಾಗೈತಿ, ಫಿರ್ಯಾದಿ ಬರ್ಯಾಕತ್ತೀನಿ. ಮೋಟರ್ ಸೈಕಲ್ ಆದ್ರ ನಂಬರ್ ಬರೀತೀನಿ. ಎಮ್ಮಿ ಆದ್ರ ಕೋಡು ಬರೀತೀನಿ. ಇದಕ್ಕ ಏನ್ ಬರೀಲಿ? ನೀವ ಸ್ವಲ್ಪ ಹೇಳಿಕೊಡ್ರಿ."

ಗೋಡೆಯ ಬದಿಯ ಬೆಂಚಿನಲ್ಲಿ ಯಾರೋ ವಯಸ್ಸಾದ ಹೆಂಗಸು ಕೂತಿದ್ದಳು. ಆಕೆ ಮಾತಾಡಿದ ಮೇಲೆಯೇ ಅವನಿಗೆ ಅದು ಕುಮುದತಾಈ ಎಂದು ತಿಳಿದದ್ದು.

"ತಂಗಿ ಸೊಂಟಾ ಮುರಕೊಂಡಿದ್ಲು, ಎರಡು ತಿಂಗಳು ನಾಸಿಕದಾಗ ಇದ್ದೆ," ಎಂದಳು. "ನಿನ್ನೆ ಬಂದು ನೋಡಿದ್ರ ಹಿತ್ತಲ ಬಾಗಿಲು ಮುರದದ. ಉಳದದ್ದು ಹೋಗ್ಲಿ ಹಯಾತ, ತಂಬೂರಿ ಇಡೋ ಮೂಲಿ ಖಾಲಿ ಅದ."

ಖರಾತ ಆಗಲೇ ಬರೆಯಲು ಹಿಡಿದಿದ್ದ.

"ಎತ್ತರ?"

"ಇಂವ್ನ ಎದಿಮಟ," ಎಂದಳು ತಾಈ.

"ಬಣ್ಣ?"

"ಜೇನಿನದು. ಹಳೇ ಜೇನು."

"ಧ್ವನಿ ಹೆಂಗ ಇತ್ರಿ?"

"ದಪ್ಪ ತಂತಿ ಮೀಟಿದ್ರ, ಆ ನಾದ ಅಡಗೋ ಹೊತ್ತಿಗೆ ಒಳಗಿಂದ ಗಾಂಧಾರ ಸ್ವರ ತಾನಾಗೇ ಏಳ್ತದ. ಎಲ್ಲಾ ಒಳ್ಳೆ ತಂಬೂರಿಯೊಳಗೂ ಏಳ್ತದ. ಆದ್ರ ಇದರಾಗ ಸ್ವಲ್ಪ ತಡಾ ಮಾಡಿ, ಕರದ್ರೂ ಬರಲೋ ಬ್ಯಾಡೋ ಅನ್ನೋ ಹಂಗ."

ಖರಾತ ಲೇಖನಿಯನ್ನು ಗಾಳಿಯಲ್ಲಿ ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, 'ಧ್ವನಿ: ಉತ್ತಮ' ಎಂದು ಬರೆದ.

"ಈಗ ಗುರುತು ಹೇಳ್ರಿ. ಮೈಮ್ಯಾಲಿನ ಗುರುತು."

"ಮೂರನೇ ಬಿರಡಿ ಕೆಳಗ ಎಲುಬಿನ ಹೂವಿನ ಒಂದು ಎಸಳು ಉದರೇದ."

ಹಯಾತಚಾಂದನ ಬೆರಳುಗಳು ತಾವಾಗಿಯೇ ಮಡಚಿಕೊಂಡವು.

"ಸೋರೆ ಬುರಡಿ ಬಲಕ್ಕ ಊದಿನಕಡ್ಡಿ ಸುಟ್ಟ ಕಲಿ. ನಮ್ಮಪ್ಪ ತೀರಿಕೊಂಡ ದಿನದ್ದು. ಆಮ್ಯಾಲೆ ಕುತ್ತಿಗಿ ದಂಡಿ ಮ್ಯಾಲೆ, ನಾನು ಕೈ ಇಡೋ ಕಡೆ ಬಣ್ಣ ಸವದು ಕಟ್ಟಿಗಿ ಕಾಣಸ್ತದ."

"ಹವಾಲ್ದಾರ ಸಾಹೇಬ್ರ," ಎಂದ ಹಯಾತಚಾಂದ, "ಅವನ್ನ ಬರೀಬ್ಯಾಡ್ರಿ. ಆ ಗುರುತು ಈಗ ಒಂದೂ ಇಲ್ಲ."

"ನಿಮ್ಗೆ ಹೆಂಗ ಗೊತ್ತು?"

"ಅಳಿಸಿದಾಂವ ನಾನ."

ಒಂಬತ್ತು ದಿನದ ಕೆಲಸವನ್ನು ಅವನು ಒಂದೊಂದಾಗಿ ಹೇಳಿದ. ಹೇಳುವಾಗ ಎಸಳು ಕೂರಿಸಿದ ಚಂದವನ್ನೂ ಅರಿವಿಲ್ಲದೆ ವರ್ಣಿಸಿಬಿಟ್ಟ. ಖರಾತ ಲೇಖನಿ ಕೆಳಗಿಟ್ಟ.

"ಚಾಚಾ, ಇದನ್ನ ನಾ ಬರದ್ರ, ಕಳ್ಳಮಾಲಿಗೆ ಬಣ್ಣಾ ಹಚ್ಚಿದಾಂವ ಅಂತ ನಿಮ್ಮನ್ನೂ ಕೇಸಿನಾಗ ಸೇರಸ್ಬೇಕಾಗತೈತಿ. ವಿಚಾರ ಮಾಡಿ ಹೇಳ್ರಿ."

"ವಿಚಾರ ಮಾಡಿದ್ರ ಹೇಳಾಕ ಆಗಂಗಿಲ್ಲ. ಬರ್ಕೊಳ್ರಿ."

"ಮುಖ ಹೆಂಗಿತ್ತು ಅವಂದು?"

ಹಯಾತಚಾಂದ ಬಹಳ ಹೊತ್ತು ತಡಕಾಡಿದ. "ಬೆರಳಿನಾಗ ತಂತಿ ಮೀಟಿದ ಗಂಟಿರಲಿಲ್ಲ," ಎಂದ ಕೊನೆಗೆ. "ಹೊಸಾ ಶಿಷ್ಯ ಇರಬೇಕಂತ ತಿಳಕೊಂಡೆ."

ಕುಮುದತಾಈ ಎದ್ದು ಸೆರಗು ಸರಿಪಡಿಸಿಕೊಂಡಳು. "ನಿಮ್ಮ ಮನಿಯಿಂದ ನಮ್ಮನಿಗೆ ಎರಡು ಓಣಿ," ಎಂದಳು. "ನಾ ಇರದಿದ್ರೂ ಮುರದ ಬಾಗಿಲರ ಕಾಣಸ್ತಿತ್ತು. ಒಂದು ಮಾತು ಬಂದು ಕೇಳಬಹುದಿತ್ತು ನೀವು."

ಐವತ್ತು ವರ್ಷದಲ್ಲಿ ಆಕೆ ಅವನಿಗೆ 'ನೀವು' ಎಂದದ್ದು ಅದೇ ಮೊದಲು.

ಮನೆಗೆ ಬಂದು ಹೇಳಿದಾಗ ಜೈತೂನಬಿ ಹಣೆ ಚಚ್ಚಿಕೊಳ್ಳಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆದು ಬಂದು ಕೂತಳು.

"ನಿಮ್ಗ ಕಣ್ಣಿಲ್ಲದಿದ್ರ ಏನಾತು, ನನ್ನವು ಅದಾವಲ್ಲ. ಮೂವತ್ತೈದರ ಆಜುಬಾಜು. ಕಿವಿ ಹಿಂದ ಸುಣ್ಣ ಮೆತ್ತಿತ್ತು. ಚಾ ಬಶಿಗಿ ಹಾಕ್ಕೊಂಡು ಸೊರ್ ಸೊರ್ ಕುಡದ. ಸೊಲ್ಲಾಪುರದ ಗಾಡಿ ಎಷ್ಟಕ್ಕ ಐತ್ರಿ ಚಾಚಿ ಅಂತ ಕೇಳಿದ. ನಾ ಹೇಳೂತನಕ ನಿಮ್ಗ ಇದೊಂದೂ ಗೊತ್ತಿಲ್ಲ ಅಲ್ಲ?"

"ಅವಾ ಅಲ್ಲೇ ಕೂತಿದ್ದನ?"

"ನಿಮ್ಮ ಮೊಣಕಾಲಿಗೆ ಅಂವ್ನ ಮೊಣಕಾಲು ತಾಗಿತ್ರಿ!"

ದೀಪಾವಳಿಯ ಮುಂಚೆ ಸೊಲ್ಲಾಪುರದ ಒಬ್ಬ ಸುಣ್ಣ ಬಳಿಯುವವ ತಾಈಯ ಮನೆಗೆ ಬಂದದ್ದು ಹೌದೆಂದು ಆಮೇಲೆ ತಿಳಿಯಿತು. ಖರಾತ ವಿಚಾರಿಸಿದರೆ ಅವನು ಕೊಟ್ಟ ವಿಳಾಸದಲ್ಲಿ ಅಂಥವರು ಯಾರೂ ಇರಲಿಲ್ಲ. ಪೊಲೀಸರ ದಾರಿ ಅಲ್ಲಿಗೆ ನಿಂತಿತು.

ಹಯಾತಚಾಂದನ ದಾರಿ ಅಲ್ಲಿಂದ ಶುರುವಾಯಿತು. ಹೊಸ ಕುದುರೆ ತಿಂಗಳು ಒಂದೂವರೆ ತಿಂಗಳಿಗೆ ಮಂದವಾಗಲೇಬೇಕು. ತಂತಿ ಅದರ ಬೆನ್ನಿನಲ್ಲಿ ಗೀರು ಕೊರೆಯುತ್ತದೆ. ಆಗ ತಂಬೂರಿ ಯಾರ ಮನೆಯಲ್ಲಿದ್ದರೂ, ಅವರಿಗೆ ಕಿವಿ ಇದ್ದರೆ, ಉಜ್ಜಿಸಲು ತರುತ್ತಾರೆ. ಕುದುರೆ ಉಜ್ಜುವ ಕೈಗಳು ಈ ದೇಶದಲ್ಲಿ ಎಷ್ಟಿವೆ? ಸೊಲ್ಲಾಪುರದಲ್ಲಿ ಒಬ್ಬ, ಕೊಲ್ಹಾಪುರದಲ್ಲಿ ಇಬ್ಬರು, ಪುಣೆಯಲ್ಲಿ ನಾಲ್ವರು, ಧಾರವಾಡದಲ್ಲಿ, ಹೈದರಾಬಾದಿನಲ್ಲಿ ಒಬ್ಬೊಬ್ಬರು. ಎಲ್ಲರೂ ಇದೇ ಗಲ್ಲಿಯಲ್ಲಿ ಕಲಿತವರು, ಇಲ್ಲವೇ ಕಲಿತವರ ಮಕ್ಕಳು. ಅವನು ಒಬ್ಬೊಬ್ಬರಿಗೂ ಫೋನ್ ಹಚ್ಚಿದ. ಬಣ್ಣ ಹೇಳಲಿಲ್ಲ, ಎತ್ತರ ಹೇಳಲಿಲ್ಲ.

"ಎಡಗೈಲೆ ಉಜ್ಜಿದ ಕುದುರಿ," ಎಂದ. "ಕಂಡ್ರ ನನಗ ಹೇಳು."

ಅಷ್ಟು ಸಾಕಾಗಿತ್ತು. ಹಯಾತಚಾಂದ ಎಡಚ. ಉಳಿದವರ ಅರ ಬಲದಿಂದ ಎಡಕ್ಕೆ ಇಳಿದರೆ ಇವನದು ಎಡದಿಂದ ಬಲಕ್ಕೆ ಇಳಿಯುತ್ತದೆ. ಎಲುಬಿನ ಬೆನ್ನನ್ನು ಬೆಳಕಿಗೆ ಹಿಡಿದರೆ ಆ ಇಳಿಜಾರು ಕಾಣಿಸುತ್ತದೆ, ತಿಳಿದವರಿಗೆ ಮಾತ್ರ. ಕಳ್ಳನಿಗಾಗಿ ಅಷ್ಟು ಅಕ್ಕರೆಯಿಂದ ಕೊರೆದ ಕುದುರೆಯ ಹೊರತು ಆ ತಂಬೂರಿಯ ಮೇಲೆ ಈಗ ಬೇರೆ ಗುರುತು ಇರಲಿಲ್ಲ.

ಗಲ್ಲಿಯ ಹಿರಿಯರು ಮಾತ್ರ ಮುಖ ಗಂಟಿಕ್ಕಿಕೊಂಡರು. "ಠಾಣೇಕ ಹೋಗಿ ತಾನ ಒಪ್ಪಿಕೊಂಡು ಬಂದಾನ. ನಾಳೆ ನಮ್ಮ ಗಿರಾಕಿ ಎಲ್ಲಾರ್ನೂ ಪೊಲೀಸ್ರು ಹಿಡದು ಕೇಳ್ತಾರ." ನಮಾಜು ಮುಗಿಸಿ ಬರುವಾಗ ಅವನ ಪಕ್ಕದಲ್ಲಿ ನಡೆಯುವವರು ಕಡಿಮೆಯಾದರು. ಅವನು ಅದನ್ನು ಗಮನಿಸಿದನೋ ಇಲ್ಲವೋ ಹೇಳುವುದು ಕಷ್ಟ, ಜೈತೂನಬಿ ಗಮನಿಸಿದಳು.

ಏಪ್ರಿಲ್ ನಡುವಿನಲ್ಲಿ ಸೊಲ್ಲಾಪುರದ ನಬೀಲಾಲ ಫೋನ್ ಮಾಡಿದ.

"ಚಾಚಾ, ನಿಮ್ಮ ಎಡಗೈ ನನ್ನ ಮುಂದ ಕೂತೈತಿ. ಮೈ ಕೆಂಪು ಕೆಂಪು, ಮದುವಣಗಿತ್ತಿ ಹಂಗ. ತಂದಾವ್ರು ಒಳ್ಳೇವ್ರು ಕಾಣ್ತಾರ. ಏನ್ ಮಾಡ್ಲಿ?"

"ನಿಧಾನಕ್ಕ ಉಜ್ಜು. ನಾ ಹವಾಲ್ದಾರಗ ಹೇಳ್ತೀನಿ."

ಹೀಗೆ ತಂಬೂರಿ ಮಿರಜಕ್ಕೆ ಬಂತು. ಆದರೆ ಅದರ ಜೊತೆಗೆ ಮಾಧವರಾವ ಮ್ಹೇತ್ರೆಯವರೂ ಬಂದರು. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರಸ ಪರೀಕ್ಷೆ ಮಾಡಿ ನಿವೃತ್ತರಾದವರು. ಇಳಿವಯಸ್ಸಿನಲ್ಲಿ ಹಾಡು ಕಲಿಯುವ ಹುಚ್ಚು ಹತ್ತಿಸಿಕೊಂಡವರು. ಯಾರೋ ಮನೆ ಬಾಗಿಲಿಗೆ ಬಂದು, ಅಜ್ಜನದು, ಇಟ್ಟುಕೊಳ್ಳಲು ಜಾಗವಿಲ್ಲ ಎಂದು ಹೇಳಿ ಮಾರಿದ್ದ. ಇವರು ಕೊಂಡಿದ್ದರು. ಮೋಸ ಅವರಲ್ಲಿ ಇರಲಿಲ್ಲ, ಬಿಟ್ಟುಕೊಡುವ ಮನಸ್ಸೂ ಇರಲಿಲ್ಲ.

"ಫೌಜದಾರ ಸಾಹೇಬ್ರ, ನಿಮ್ಮ ಫಿರ್ಯಾದಿ ನೀವ ಓದ್ರಿ," ಎಂದರು ಠಾಣೆಯಲ್ಲಿ, ಖರಾತನ ಮೇಲಧಿಕಾರಿಯ ಮುಂದೆ ಕೂತು. "ಜೇನು ಬಣ್ಣ ಅಂತ ಬರದೀರಿ. ಇದು ಕೆಂಪು. ಎಸಳು ಉದರೇದ ಅಂತೀರಿ. ಇಲ್ಲಿ ಎಲ್ಲಾ ಎಸಳೂ ಅವ. ಸುಟ್ಟ ಕಲಿ ಎಲ್ಲಿ? ಧ್ವನಿ ಉತ್ತಮ ಅಂತ ಬರದೀರಿ. ಅದೊಂದು ಹೊಂದ್ತದ, ಒಪ್ಪಿಕೊಳ್ತೀನಿ."

"ಎಲ್ಲಾ ನಾನ ಬದಲಿ ಮಾಡೀನ್ರಿ," ಎಂದ ಹಯಾತಚಾಂದ.

"ನೀವು ಈ ಬಾಈಯವರ ಹಳೇ ಪರಿಚಯದವ್ರು. ಹಂಗನ ಹೇಳ್ತೀರಿ."

ಫೌಜದಾರರು ಇಬ್ಬರನ್ನೂ ನೋಡಿದರು. ಆರೋಪಿಯಾಗಬೇಕಾದವನೇ ಸಾಕ್ಷಿ, ಅವನ ಮಾತಿಗೆ ಎಷ್ಟು ತೂಕ ಕೊಡುವುದು? ಅಳಿಸಲಾಗದಂಥ ಗುರುತು ಏನಾದರೂ ಇದೆಯೇ ಎಂದು ಕೇಳಿದರು.

"ಒಂದೈತ್ರಿ," ಎಂದ ಹಯಾತಚಾಂದ ತಡೆದು ತಡೆದು. "ಬುರಡಿ ಮ್ಯಾಲೆ ಹಲಗಿ ಮುಚ್ಚೂಕಿಂತ ಮೊದಲು ನಮ್ಮಪ್ಪ ಒಳಗ ಯಾರ ವಾದ್ಯ ಅಂತ ಬರದು ಇಡತಿದ್ದ. ನಮಗ್ಯಾರಿಗೂ ತೋರಸ್ತಿರಲಿಲ್ಲ. ಒಳಗ ಬರದೈತಿ ಅಂತ ಅಷ್ಟ ಹೇಳಾಂವ."

"ಹಂಗಾದ್ರ ಬಿಚ್ಚಿ ನೋಡಿದ್ರಾತು."

"ಬ್ಯಾಡ!" ಎಂದಳು ಕುಮುದತಾಈ.

ಹಯಾತಚಾಂದ ತಲೆ ತಗ್ಗಿಸಿದ. ಐವತ್ತೆರಡು ವರ್ಷ ಒಂದರ ಜೊತೆ ಒಂದು ಕಂಪಿಸಿ ಕಂಪಿಸಿ, ಬುರುಡೆಯೂ ಹಲಗೆಯೂ ಒಂದೇ ಜೀವವಾಗಿರುತ್ತವೆ. ಬಿಚ್ಚಿದರೆ ಮತ್ತೆ ಅಂಟಿಸಬಹುದು. ತಂಬೂರಿಯ ಆಕಾರ ಬರುತ್ತದೆ. ಆ ನಾದ ಬರುವುದಿಲ್ಲ. ಇದನ್ನು ಅವನು ಫೌಜದಾರರಿಗೆ ಹೇಳಿದ. ಜೊತೆಗೆ, ಒಳಗೆ ನಿಜವಾಗಿ ಬರೆದಿದೆಯೋ ಇಲ್ಲವೋ ತಾನು ಕಣ್ಣಾರೆ ಕಂಡಿಲ್ಲ ಎಂದೂ ಹೇಳಿದ.

"ಬಿಚ್ಚೂದಾದ್ರ ಅವರಿಗೇ ಕೊಟ್ಟುಬಿಡ್ರಿ," ಎಂದಳು ತಾಈ. "ಸೊಲ್ಲಾಪುರದಾಗರ ಇಡಿಯಾಗಿ ಇರಲಿ."

ಮ್ಹೇತ್ರೆಯವರು ಮೊದಲ ಬಾರಿಗೆ ಆಕೆಯ ಕಡೆ ಸರಿಯಾಗಿ ನೋಡಿದರು. ಮೂಲೆಯಲ್ಲಿ ಖರಾತ ಹಾಲಿನ ಲೋಟ ಕೆಳಗಿಟ್ಟು ಹೊಟ್ಟೆ ನೀವಿಕೊಂಡ.

"ಸಾಹೇಬ್ರ, ಒಂದು ಹೇಳ್ಲಿ? ಹೋದ ತಿಂಗಳ ನನ್ನ ಹೊಟ್ಟ್ಯಾಗ ಹುಣ್ಣು ಐತೇನಂತ ನೋಡಿದ್ರು. ಕೊಯ್ಯಲಿಲ್ಲ, ಹೊಲೀಲಿಲ್ಲ. ಬಾಯಾಗಿಂದ ಒಂದು ದೀಪದ ನಳಿಕಿ ಇಳಿಸಿದ್ರು, ಒಳಗಿಂದೆಲ್ಲಾ ಟೀವ್ಯಾಗ ಬಂತು. ಇದರದೂ ಹೊಟ್ಟಿನ ಅಲ್ಲ?"

ಫೌಜದಾರರು ನಗಬೇಕೋ ಗದರಬೇಕೋ ತಿಳಿಯದೆ ಕೂತರು. ಹಯಾತಚಾಂದ ಮಾತ್ರ ಎದ್ದು ನಿಂತುಬಿಟ್ಟಿದ್ದ. "ಪಂಚಮದ ಬಿರಡಿ ತಗದ್ರ ಬೆರಳು ಹೋಗೂವಷ್ಟು ತೂತು ಐತಿ," ಎಂದ. "ಅಲ್ಲಿಂದ ಬುರಡಿತನಕ ದಂಡಿ ಪೂರಾ ಪೊಳ್ಳು."

ಮಿರಜದಲ್ಲಿ ತಂಬೂರಿಯಷ್ಟೇ ಆಸ್ಪತ್ರೆಗಳೂ ಇವೆ. ಖರಾತನ ಹೊಟ್ಟೆ ನೋಡಿದ್ದ ಲೇಡಿ ಡಾಕ್ಟರ್ ಕೋಠಾವಳೆ ಮೊದಲು ಫೋನಿನಲ್ಲೇ ಆಗದು ಎಂದರು. ಐದು ನಿಮಿಷ ಬಿಟ್ಟು ತಾವೇ ತಿರುಗಿ ಫೋನ್ ಮಾಡಿ, ರೋಗಿಗಳಿಗೆ ಬಳಸುವುದನ್ನು ಬಿಟ್ಟಿರುವ ಹಳೆಯ ನಳಿಕೆಯೊಂದಿದೆ, ಮಧ್ಯಾಹ್ನ ಊಟದ ಹೊತ್ತಿಗೆ ತನ್ನಿ ಎಂದರು.

ಜೀಪಿನ ಹಿಂದಿನ ಸೀಟಿನಲ್ಲಿ ತಂಬೂರಿಯನ್ನು ಮಲಗಿಸಿಕೊಂಡು ಒಂದು ಕಡೆ ಕುಮುದತಾಈ, ಇನ್ನೊಂದು ಕಡೆ ಮ್ಹೇತ್ರೆ ಕೂತರು. ಇಬ್ಬರ ಕೈಯೂ ಅದರ ಮೇಲಿತ್ತು. ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಿದ್ದ ರೋಗಿಗಳು, ಗಾಲಿಮಂಚದ ಮೇಲೆ ಬಿಳಿ ಚಾದರ ಹೊದ್ದು ಹೋಗುತ್ತಿರುವ ಉದ್ದ ಕತ್ತಿನ ಇದಾರು ಎಂದು ಎದ್ದೆದ್ದು ನೋಡಿದರು.

"ಬೆಳಗಿನಿಂದ ಏನೂ ತಿಂದಿಲ್ಲ ಅಲ್ಲ ಪೇಶಂಟು?" ಎಂದರು ಡಾಕ್ಟರ್.

"ಐವತ್ತೆರಡು ವರ್ಷದಿಂದ ಉಪವಾಸ್ರಿ," ಎಂದ ಖರಾತ.

ಹಯಾತಚಾಂದ ತಂತಿ ಸಡಿಲಿಸಿ ಬಿರಡೆ ತೆಗೆದ. ನಳಿಕೆಯ ತುದಿಯನ್ನು ತೂತಿನೊಳಗೆ ತಿರುಗಿಸಿಕೊಟ್ಟವನೂ ಅವನೇ. ಎಲ್ಲಿ ಬಾಗುತ್ತದೆ, ಎಲ್ಲಿ ಇಕ್ಕಟ್ಟು ಎಂದು ಡಾಕ್ಟರಿಗೆ ಹೇಳುತ್ತ ಹೋದ. ಪರದೆಯ ಮೇಲೆ ಬೆಳಕು ಹತ್ತಿತು.

ಜೀವಮಾನವೆಲ್ಲ ತಂಬೂರಿ ಮುಟ್ಟಿದವನು ಮುಚ್ಚಿದ ತಂಬೂರಿಯ ಒಳಗನ್ನು ಎಂದೂ ಕಂಡಿರಲಿಲ್ಲ. ದಂಡಿಯ ಗೋಡೆಯಲ್ಲಿ ಅಪ್ಪನ ಉಳಿಯ ಏಟುಗಳು ಒಂದರ ಮೇಲೊಂದು, ಬಾವಿಯ ಮೆಟ್ಟಿಲ ಹಾಗೆ. ಒಂದು ಜೇಡರ ಬಲೆ, ಜೇಡ ಇಲ್ಲದ್ದು. ನಳಿಕೆ ಇಳಿಯುತ್ತ ಇಳಿಯುತ್ತ ಇಕ್ಕಟ್ಟು ಮುಗಿದು, ತಟ್ಟನೆ ಒಂದು ದೊಡ್ಡ ಗುಹೆ ತೆರೆಯಿತು. ಸೋರೆಬುರುಡೆಯ ಒಳಮೈ ಚಂದ್ರನ ನೆಲದಂತೆ ಒರಟಾಗಿ ಹೊಳೆಯುತ್ತಿತ್ತು. ಗೋಡೆಗೆ ಅಂಟಿ ಒಣಗಿದ ಒಂದೇ ಒಂದು ಬೀಜ.

"ಬೀಜ ಉಳದೈತಿ ನೋಡ್ರಿ," ಎಂದ ಹಯಾತಚಾಂದ, ಬಂದ ಕೆಲಸ ಮರೆತು. "ಅಪ್ಪನ ಕೈ ಅಲ್ಲಿ ಮುಟ್ಟಿಲ್ಲ."

"ಅಕ್ಷರ ನೋಡ್ರಿ ಚಾಚಾ, ಅಕ್ಷರ," ಎಂದ ಖರಾತ.

ಬಲಕ್ಕೆ ಇಲ್ಲ. ಎಡಕ್ಕೆ ಇಲ್ಲ. ತಳದಲ್ಲಿ ಬರೀ ಧೂಳು. ಮ್ಹೇತ್ರೆಯವರು ಕೈ ಕಟ್ಟಿಕೊಂಡು ನಿಂತಿದ್ದರು. ಕುಮುದತಾಈ ಪರದೆಯ ಕಡೆ ನೋಡುತ್ತಲೇ ಇರಲಿಲ್ಲ. ತಂಬೂರಿಯ ಮೈಮೇಲೆ ಕೈಯಿಟ್ಟು ಗೋಡೆಯ ಕಡೆ ನೋಡುತ್ತಿದ್ದಳು. ಡಾಕ್ಟರ್ ಮಣಿಕಟ್ಟು ತಿರುಗಿಸಿ ನಳಿಕೆಯ ತುದಿಯನ್ನು ಹಿಂದಕ್ಕೆ, ಕತ್ತಿನ ಬುಡಕ್ಕೆ ಹೊರಳಿಸಿದರು. ತಲೆಕೆಳಗಾದ ಸಾಲುಗಳು ಕಂಡವು. ನೇರಳೆ ಪೆನ್ಸಿಲು, ದುಂಡಗಿನ ಮರಾಠಿ ಅಕ್ಷರ. ಖರಾತ ಕತ್ತು ವಾಲಿಸಿಕೊಂಡು ಒಂದೊಂದೇ ಕೂಡಿಸಿ ಓದಿದ.

"ಕುಮುದಳದು. ದಾಂಡೇಕರ ವಕೀಲರ ಮಗಳು. ವಯಸ್ಸು ಹದಿನಾಲ್ಕು ತುಂಬಿದೆ. ಬುರುಡೆ ಭೀಮಾ ದಂಡೆಯದು. ಮುಚ್ಚಿದ್ದು ಶುಕ್ರವಾರ. ಹಯಾತನಿಗೆ ದಡಾರ ಎದ್ದಿದೆ, ಜ್ವರ ಇಳಿದಿಲ್ಲ."

ಹಯಾತಚಾಂದ ಪರದೆಯ ಹತ್ತಿರ, ಮೂಗು ತಾಗುವಷ್ಟು ಹತ್ತಿರ ಹೋದ.

"ಇದು ಅಪ್ಪಂದಲ್ಲ," ಎಂದ. "ಅಪ್ಪಗ ಬರ್ಯಾಕ ಬರ್ತಿರಲಿಲ್ಲ ಅನ್ನೂದ ಮರತುಬಿಟ್ಟಿದ್ದೆ. ಇದು ನಮ್ಮವ್ವನ ಅಕ್ಷರ. ಖಾರದಪುಡಿ ಡಬ್ಬಿ ಮ್ಯಾಲೆ ಹಿಂಗ ಬರೀತಿದ್ಲು."

ಅಪ್ಪ ಪ್ರತಿ ಬುರುಡೆಯನ್ನೂ ಮುಚ್ಚುವ ಮೊದಲು ಒಂದು ದಿನ ಮನೆಗೆ ಯಾಕೆ ತರುತ್ತಿದ್ದ ಎಂಬುದು ಅವನಿಗೆ ಅರವತ್ತೆರಡನೆಯ ವಯಸ್ಸಿಗೆ ತಿಳಿಯಿತು. ಯಾರದು, ಎಲ್ಲಿಯದು ಎಂದು ಅಪ್ಪ ಹೇಳಿರಬೇಕು. ಜ್ವರದ ಮಾತನ್ನು ಅವ್ವ ತಾನಾಗಿ ಸೇರಿಸಿರಬೇಕು. ಇನ್ನೆಷ್ಟು ತಂಬೂರಿಗಳ ಹೊಟ್ಟೆಯಲ್ಲಿ ತಮ್ಮ ಮನೆಯ ಜ್ವರ, ಕೆಮ್ಮು, ಹಬ್ಬ ಕೂತಿವೆಯೋ ಎಂದು ಅವನು ಅಲ್ಲಿಯೇ ನಿಂತು ಯೋಚಿಸತೊಡಗಿದ. ಖರಾತ ಭುಜ ಮುಟ್ಟಿ ಎಚ್ಚರಿಸಬೇಕಾಯಿತು.

ಮ್ಹೇತ್ರೆಯವರು ಕನ್ನಡಕ ತೆಗೆದು ಒರೆಸಿಕೊಂಡರು. "ಒಳಗ ಮ್ಹೇತ್ರೆ ಅಂತ ಎಲ್ಲೂ ಇಲ್ಲ," ಎಂದರು. "ತಗೊಳ್ರಿ ಬಾಈ, ನಿಮ್ಮದು." ಆಮೇಲೆ ಹಯಾತಚಾಂದನ ಕಡೆ ತಿರುಗಿ, "ನನಗೊಂದು ಮಾಡಿಕೊಡಸ್ರಿ. ಈ ಸಲ ಅದನ್ನ ಮಾಡೂ ಮನಿ ಬಾಗಲಾಗ ನಾನ ಬಂದು ಕೂಡ್ತೀನಿ. ತಂದುಕೊಡಾವ್ರ ಉಸಾಬರಿ ಬ್ಯಾಡ," ಎಂದರು.

ಫೌಜದಾರರು ಹಯಾತಚಾಂದನ ಹೇಳಿಕೆಯನ್ನು ಸಾಕ್ಷಿಯದೆಂದೇ ಬರೆಸಿಕೊಂಡರು. ತಂಬೂರಿ ಈಗ ಮುದ್ದೆಮಾಲು, ಕೇಸಿನ ಸಾಕ್ಷಿವಸ್ತು. ಕಳ್ಳ ಸಿಕ್ಕು ಕೇಸು ತೀರುವ ತನಕ ಮುಚ್ಚಳಿಕೆ ಬರೆದುಕೊಟ್ಟು ಮನೆಯಲ್ಲಿಟ್ಟುಕೊಳ್ಳಬಹುದು, ಆದರೆ ಬಣ್ಣ, ಕುದುರೆ, ಹೂವು, ಏನನ್ನೂ ಬದಲಿಸುವಂತಿಲ್ಲ. ಕುಮುದತಾಈ ಓದದೆ ಸಹಿ ಹಾಕಿದಳು. ಓದಿದವನು ಹಯಾತಚಾಂದ. ಮುರಿದ ಹಳೆಯ ಕುದುರೆಯನ್ನು ಜೋಡಿಸಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ; ಮನೆಗೆ ಬಂದ ದಿನವೇ ಅದನ್ನು ಏರಿಸಬೇಕೆಂದು ಲೆಕ್ಕ ಹಾಕಿದ್ದ. ಆಗುವಂತಿರಲಿಲ್ಲ. ತನ್ನ ತಪ್ಪನ್ನು ಈಗ ತಾನೂ ಅಳಿಸುವ ಹಾಗಿಲ್ಲ.

ಬ್ರಾಹ್ಮಣಪುರಿಯ ಮನೆಗೆ ತಂಬೂರಿಯನ್ನು ಹೊತ್ತು ತಂದವನು ಅವನೇ. ಕುಮುದತಾಈ ಚಾಪೆ ಹಾಸಿ ಅದನ್ನು ಎದುರಿಗೆ ನಿಲ್ಲಿಸಿಕೊಂಡು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಹಯಾತಚಾಂದ ಬಾಗಿಲ ಹೊಸ್ತಿಲ ಆಚೆ ಕೂತ. ಆಕೆ ಶ್ರುತಿ ಮಾಡಿಕೊಂಡು ಮೀಟತೊಡಗಿದಳು. ಒಂದು ಸುತ್ತು, ಹತ್ತು ಸುತ್ತು. ಎಷ್ಟು ಹೊತ್ತೋ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಕೆಲಸದವಳು ತಿಕ್ಕುವುದನ್ನು ನಿಲ್ಲಿಸಿದ್ದಳು.

"ಅದ ಅಲ್ಲ ಇದು," ಎಂದಳು ತಾಈ.

ಆಕೆ ತಂತಿಗಳ ಮೇಲೆ ಅಂಗೈ ಇಟ್ಟು ನಾದ ನಿಲ್ಲಿಸಿದಳು.

"ಮೊದಲ ತಗ್ಗಿಸಿ ಮಾತಾಡ್ತಿತ್ತು, ಮನಿ ಮಂದಿಗೆ ಕೇಳಿದ್ರ ಸಾಕು ಅನ್ನೋ ಹಂಗ. ಈಗ ಓಣಿಗೆಲ್ಲಾ ಕೇಳೋ ಹಂಗ ಬಾಯಿ ಬಿಡ್ತದ."

"ಕೇಸ್ ಮುಗೀಲಿ ತಾಈ. ಹಳೇ ಕುದುರಿ ಇಟ್ಟೀನಿ. ಹೆಂಗಿತ್ತೋ ಹಂಗ ಮಾಡಿ…"

"ಕೇಸ್ ಮುಗಿಯೋತನಕ ನಾ ಇರಬೇಕಲ್ಲ." ಆಕೆ ಇನ್ನೊಂದು ಸುತ್ತು ಮೀಟಿದಳು. ತಲೆ ಒಂದು ಕಡೆ ವಾಲಿಸಿ, ಪರಿಚಯವಿಲ್ಲದವರ ಮಾತು ಕೇಳುವಂತೆ ಕೇಳಿದಳು. "ಇರಲಿ. ಅದೇನ ಹೇಳ್ತದೋ ಹೇಳಲಿ, ಕೇಳೋಣು."

ಅವನು ಏಳಲು ನೋಡಿದ.

"ಎಲ್ಲಿ ಹೊಂಟಿ? ಯಾಕೋ ಹಯಾತ, ಬಾಗಿಲಾಗ ಕೂತು ಕಿವಿ ಮನ್ಯಾಗ ಬಿಟ್ಟು ಬಂದಿಯೇನು? ಜೋಡಿ ತಂತ್ಯಾಗ ಒಂದು ಇಳದದ, ಆವಾಗಿಂದ ಒದರ್ಲಿಕತ್ತದ. ಬಾ ಒಳಗ."

ಹಯಾತಚಾಂದ ಒಳಗೆ ಬಂದು ತಂಬೂರಿಯ ಮುಂದೆ ಮಂಡಿಯೂರಿದ. ಶ್ರುತಿಯನ್ನು ಎಳೆಯಷ್ಟು ಏರಿಸಿ ಇಳಿಸುವ ತಂತಿಯ ಮಣಿಯನ್ನು ಸರಿಸಬಹುದೋ ಬಾರದೋ ಮುಚ್ಚಳಿಕೆಯಲ್ಲಿ ಬರೆದಿರಲಿಲ್ಲ. ಎಡಗೈಯಿಂದ ಅದನ್ನು ಅಕ್ಕಿಕಾಳಿನಷ್ಟು ಕೆಳಗೆ ಸರಿಸಿದ.